‘ಆ ಊಟ ನಮ್ಮ ಮಕ್ಕಳಿಗೂ ಸಲ್ಲುತ್ತದೆಯೇ?’

ಪ್ರಶ್ನೆ: ನಾವು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದ ಅಂಚಿನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಯಜಮಾನರದು ಎಚ್-1ಬಿ ವೀಸಾ, ನನ್ನದು ಅವಲಂಬಿತರಿಗೆ ಕೊಡುವ ಎಚ್-4. ನನಗೆ ಕೆಲಸ ಮಾಡುವ ಅನುಮತಿ ಇನ್ನೂ ಸಿಕ್ಕಿಲ್ಲ. ಮಗಳು ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ, ಮಗನಿಗೆ ನಾಲ್ಕು ವರ್ಷ. ಇರುವ ಒಂದೇ ಕಾರು ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಸಮ್ಮರ್ ಕ್ಯಾಂಪುಗಳ ದರ ಕೇಳಿ ಹೌಹಾರಿದೆವು. ಹೋದ ವಾರ ಲೈಬ್ರರಿಯ ಬಾಗಿಲಲ್ಲಿ ‘18 ವರ್ಷದೊಳಗಿನ ಎಲ್ಲರಿಗೂ ಬೇಸಿಗೆಯಲ್ಲಿ ಉಚಿತ ಊಟ’ ಎಂಬ ಫಲಕ ನೋಡಿದೆ. ಒಳಗೆ ಹೋಗಿ ವಿಚಾರಿಸಲು ಸಂಕೋಚವಾಯಿತು. ನಾವು ಬಡವರೇನೂ ಅಲ್ಲ, ಆದರೆ ಕೈಯಲ್ಲಿ ಉಳಿಯುವುದೂ ಅಷ್ಟರಲ್ಲೇ ಇದೆ. ಆ ಊಟ ನಮ್ಮ ಮಕ್ಕಳಿಗೂ ಸಲ್ಲುತ್ತದೆಯೇ? ನಾವು ತೆಗೆದುಕೊಂಡರೆ ಬೇರೆ ಮಗುವಿನ ಪಾಲು ಕಡಿಮೆಯಾಗುವುದಿಲ್ಲವೇ? ವೀಸಾಕ್ಕೆ ತೊಂದರೆಯಾದೀತೇ? ನಾವು ಸಸ್ಯಾಹಾರಿಗಳು. ಜೂನ್ ತಿಂಗಳಲ್ಲಿ ಅತ್ತೆ ಮಾವ ಊರಿನಿಂದ ಬರುತ್ತಿದ್ದಾರೆ. ಹೆಚ್ಚು ಖರ್ಚಿಲ್ಲದೆ ಈ ರಜೆಯನ್ನು ಕಳೆಯುವ ದಾರಿ ತಿಳಿಸುವಿರಾ?

ಉತ್ತರ: ನೀವು ನೋಡಿದ ಫಲಕದಲ್ಲಿ ‘ಎಲ್ಲರಿಗೂ’ ಎಂದು ಬರೆದಿದ್ದರೆ ಅದನ್ನು ಅಕ್ಷರಶಃ ಹಾಗೆಯೇ ಓದಿಕೊಳ್ಳಬೇಕು. ನಾನು ಕೆಲವು ವರ್ಷ ಒಂದು ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿದ್ದು ಬೇಸಿಗೆಯ ಊಟದ ಮೇಜುಗಳನ್ನು ಹಾಕಿದವನು. ಆ ದಿನಗಳಲ್ಲಿ ಭಾರತೀಯ ತಾಯಂದಿರು ಮಕ್ಕಳನ್ನು ಕರೆದುಕೊಂಡು ಕಥೆ ಹೇಳುವ ಹೊತ್ತಿಗೆ ಬರುತ್ತಿದ್ದರು, ಊಟದ ಗಾಡಿ ಬಂದ ಕೂಡಲೇ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೊರಟುಬಿಡುತ್ತಿದ್ದರು. ನಿಮ್ಮ ಪತ್ರದಲ್ಲಿರುವ ಸಂಕೋಚವೇ ಅವರದೂ ಆಗಿತ್ತು. ಅದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು ಎಂಬುದನ್ನು ಮೊದಲು ಹೇಳಿ, ಉಳಿದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಯೋಜನೆ ಹೊಸದಲ್ಲ. ಶಾಲೆ ತೆರೆದಿರುವಾಗ ಮಧ್ಯಾಹ್ನದ ಊಟ ಸಿಗುವ ಮಗುವಿಗೆ ಶಾಲೆ ಮುಚ್ಚಿದಾಗ ಏನು ಗತಿ ಎಂಬ ಪ್ರಶ್ನೆಯಿಂದ 1968ರಲ್ಲಿ ಪ್ರಯೋಗವಾಗಿ ಆರಂಭವಾಗಿ, 1975ರಲ್ಲಿ ಸ್ವತಂತ್ರ ಯೋಜನೆಯಾಯಿತು. ಹಣ ಕೊಡುವುದು ಒಕ್ಕೂಟ ಸರ್ಕಾರದ ಕೃಷಿ ಇಲಾಖೆ, ಮೇಲ್ವಿಚಾರಣೆ ರಾಜ್ಯದ್ದು, ಊಟ ಬಡಿಸುವುದು ಶಾಲೆ, ಗ್ರಂಥಾಲಯ, ಉದ್ಯಾನ, ಚರ್ಚು, ಸಮುದಾಯ ಕೇಂದ್ರ, ಕೆಲವೊಮ್ಮೆ ಅಪಾರ್ಟ್‌ಮೆಂಟಿನ ಅಂಗಳ. ಇವುಗಳಲ್ಲಿ ‘ಓಪನ್ ಸೈಟ್’ ಎಂದು ಕರೆಯುವ ಮುಕ್ತ ಕೇಂದ್ರಗಳೇ ಹೆಚ್ಚು. ಒಂದು ಪ್ರದೇಶದ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಶಾಲೆಯ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾಗಿದ್ದರೆ ಅಲ್ಲಿ ಮುಕ್ತ ಕೇಂದ್ರ ತೆರೆಯಬಹುದು. ಅರ್ಹತೆಯ ಲೆಕ್ಕಾಚಾರವೆಲ್ಲ ಕೇಂದ್ರ ತೆರೆಯುವ ಹಂತದಲ್ಲಿಯೇ ಮುಗಿದುಹೋಗುತ್ತದೆ ಎಂಬುದನ್ನು ಗಮನಿಸಿ. ಆಮೇಲೆ ಬಾಗಿಲಲ್ಲಿ ನಿಂತು ಪ್ರತಿಯೊಂದು ಮಗುವಿನ ತಂದೆಯ ಸಂಬಳ ಕೇಳುವ ವ್ಯವಸ್ಥೆಯೇ ಇಲ್ಲ. ಅರ್ಜಿ ಇಲ್ಲ, ಗುರುತಿನ ಚೀಟಿ ಇಲ್ಲ, ಹೆಸರು ನೋಂದಣಿ ಇಲ್ಲ. ಬಡಿಸುವವರು ಎಷ್ಟು ಊಟ ಹೋಯಿತು ಎಂದು ಹಾಳೆಯ ಮೇಲೆ ಗೆರೆ ಎಳೆದುಕೊಳ್ಳುತ್ತಾರೆ, ಅಷ್ಟೆ.

ಬೇರೆ ಮಗುವಿನ ಪಾಲಿನ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಆದರೆ ಲೆಕ್ಕ ನೀವು ಅಂದುಕೊಂಡಂತೆ ನಡೆಯುವುದಿಲ್ಲ. ಕೇಂದ್ರ ನಡೆಸುವ ಸಂಸ್ಥೆಗೆ ನಿಗದಿತ ಮೊತ್ತದ ಇಡುಗಂಟು ಕೊಟ್ಟು ‘ಇಷ್ಟರಲ್ಲಿ ಹಂಚಿಕೊಳ್ಳಿ’ ಎಂದು ಸರ್ಕಾರ ಹೇಳುವುದಿಲ್ಲ. ಮಗುವಿಗೆ ಬಡಿಸಿದ ಪ್ರತಿ ಊಟಕ್ಕೂ ಇಂತಿಷ್ಟು ಎಂದು ಮರುಪಾವತಿ ಮಾಡುತ್ತದೆ. ಹತ್ತು ಮಕ್ಕಳು ಉಂಡರೆ ಹತ್ತು ಊಟದ ಹಣ, ನಲವತ್ತು ಮಕ್ಕಳು ಉಂಡರೆ ನಲವತ್ತು ಊಟದ ಹಣ. ಹತ್ತೇ ಮಕ್ಕಳು ಬರುವ ಕೇಂದ್ರಕ್ಕೆ ಸಾಗಣೆ ಮತ್ತು ಸಿಬ್ಬಂದಿಯ ವೆಚ್ಚ ಹುಟ್ಟುವುದಿಲ್ಲವಾದ್ದರಿಂದ ಮುಂದಿನ ವರ್ಷ ಅದು ಮುಚ್ಚುವ ಸಾಧ್ಯತೆಯೇ ಹೆಚ್ಚು. ನಿಮ್ಮ ಇಬ್ಬರು ಮಕ್ಕಳು ಆ ಮೇಜಿಗೆ ಬಂದು ಕೂತರೆ ಪಕ್ಕದ ಮಗುವಿನ ಊಟ ಕಡಿಮೆಯಾಗುವುದಿಲ್ಲ. ಆ ಮೇಜು ಮುಂದಿನ ವರ್ಷವೂ ಅಲ್ಲಿರಲು ಸಹಾಯವಾಗುತ್ತದೆ. ಇನ್ನೊಂದು ಮಾತು: ಎಲ್ಲ ಬಗೆಯ ಮನೆಗಳ ಮಕ್ಕಳೂ ಕೂತು ಉಣ್ಣುವ ಜಾಗದಲ್ಲಿ ನಿಜವಾಗಿ ಹಸಿದು ಬಂದ ಮಗುವಿಗೆ ತಾನು ಬೇರೆ ಎಂಬ ಭಾವ ಬರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಪಾಲಿಸಬೇಕು. ಹಿಂದಿನ ದಿನಗಳ ಲೆಕ್ಕ ನೋಡಿ ಊಟ ತರಿಸುವುದರಿಂದ, ಅಕ್ಕಪಕ್ಕದ ಮನೆಗಳ ಎಂಟು ಹತ್ತು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವುದಾದರೆ ಒಂದು ದಿನ ಮುಂಚಿತವಾಗಿ ತಿಳಿಸಿ.

ವೀಸಾದ ವಿಷಯದಲ್ಲಿ ಎರಡು ಬಗೆಯ ಸಹಾಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮುಕ್ತ ಕೇಂದ್ರದಲ್ಲಿ ಮಗು ಉಣ್ಣುವ ಊಟ ಮೊದಲನೆಯ ಬಗೆಯದು. ಅಲ್ಲಿ ನಿಮ್ಮ ಹೆಸರೇ ಎಲ್ಲಿಯೂ ದಾಖಲಾಗುವುದಿಲ್ಲ, ಪೌರತ್ವವನ್ನಾಗಲಿ ವೀಸಾವನ್ನಾಗಲಿ ಯಾರೂ ಕೇಳುವುದಿಲ್ಲ. ಅರ್ಜಿ ಹಾಕಿ ಪಡೆಯುವ ನೆರವು ಎರಡನೆಯ ಬಗೆಯದು. ‘ಸ್ನ್ಯಾಪ್’ ಎಂಬ ಆಹಾರ ನೆರವಿಗೆ ಎಚ್-1ಬಿ ಮತ್ತು ಎಚ್-4 ವೀಸಾದವರು ಅರ್ಹರಲ್ಲ. ‘ಸನ್ ಬಕ್ಸ್’ ಎಂಬುದು 2024ರ ಬೇಸಿಗೆಯಿಂದ ಕಾಯಂ ಆಗಿ ಆರಂಭವಾದ ಯೋಜನೆ. ಅರ್ಹ ಮಗುವೊಂದಕ್ಕೆ ತಿಂಗಳಿಗೆ 40 ಡಾಲರಿನಂತೆ ಮೂರು ತಿಂಗಳಿಗೆ 120 ಡಾಲರ್ ದಿನಸಿ ಖರೀದಿಗೆ ಕಾರ್ಡಿನಲ್ಲಿ ಬರುತ್ತದೆ. ಎಲ್ಲ ರಾಜ್ಯಗಳೂ ಇದಕ್ಕೆ ಸೇರಿಲ್ಲ. ಓಹಾಯೊ ಆರಂಭದಲ್ಲಿಯೇ ಸೇರಿತು. ಇದಕ್ಕೆ ಆದಾಯದ ಮಿತಿ ಇದೆ, ಬಡತನದ ರೇಖೆಯ ಶೇ. 185, 2025-26ರ ಶಾಲಾ ವರ್ಷದಲ್ಲಿ ನಾಲ್ವರ ಕುಟುಂಬಕ್ಕೆ ಅದು ವರ್ಷಕ್ಕೆ 59,478 ಡಾಲರ್ ಆಗಿತ್ತು. ಎಚ್-1ಬಿ ಸಂಬಳಗಳು ಬಹುಮಟ್ಟಿಗೆ ಇದಕ್ಕಿಂತ ಮೇಲಿರುವುದರಿಂದ ನಿಮಗೆ ಅದು ಅನ್ವಯಿಸಲಾರದು. ಮಗಳ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟವಿದ್ದ ಮಾತ್ರಕ್ಕೆ ಈ ಹಣ ತಾನಾಗಿ ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಕುಟುಂಬದ ಆದಾಯ ಅರ್ಹತೆಯೊಳಗೆ ಇರಲೇಬೇಕು. ಸರ್ಕಾರದ ನೆರವನ್ನೇ ನೆಚ್ಚಿ ಬದುಕಬಹುದಾದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ಅವಕಾಶ ಕೊಡುವ, ವಲಸೆ ಕಾನೂನಿನ ‘ಪಬ್ಲಿಕ್ ಚಾರ್ಜ್’ ನಿಯಮದ ವ್ಯಾಖ್ಯಾನ ಆಡಳಿತ ಬದಲಾದಂತೆ ಬದಲಾಗುತ್ತಿರುವುದರಿಂದ, ಅರ್ಜಿ ಬೇಡುವ ಯಾವುದೇ ನೆರವಿಗೆ ಮುಂದಾಗುವ ಮೊದಲು ನಿಮ್ಮ ಗ್ರೀನ್ ಕಾರ್ಡ್ ಕಡತ ನೋಡುವ ವಕೀಲರನ್ನು ಒಂದು ಮಾತು ಕೇಳಿಬಿಡಿ. ಗ್ರಂಥಾಲಯದ ಊಟಕ್ಕೆ ವಕೀಲರ ಅಗತ್ಯವಿಲ್ಲ.

ಈಗ ತಟ್ಟೆಯಲ್ಲಿ ಏನಿರುತ್ತದೆ ಎಂಬುದಕ್ಕೆ ಬರೋಣ; ಸಸ್ಯಾಹಾರಿ ಕುಟುಂಬಕ್ಕೆ ನಿಜವಾದ ತೊಡಕು ಇರುವುದು ಇಲ್ಲಿ. ನಿಯಮದ ಪ್ರಕಾರ ಮಧ್ಯಾಹ್ನದ ಊಟದಲ್ಲಿ ಒಂದು ಕಪ್ ಹಾಲು, ಎರಡು ಬಗೆಯ ಹಣ್ಣು ತರಕಾರಿ ಸೇರಿ ಮುಕ್ಕಾಲು ಕಪ್, ಒಂದು ಬ್ರೆಡ್ ಅಥವಾ ಅದಕ್ಕೆ ಸಮನಾದ ಧಾನ್ಯ, ಎರಡು ಔನ್ಸ್ ಮಾಂಸ ಅಥವಾ ಅದಕ್ಕೆ ಬದಲಿ ಇರಬೇಕು. ಆ ‘ಬದಲಿ’ ಎಂಬ ಪದವೇ ನಮಗೆ ಆಧಾರ: ಚೀಸ್, ಮೊಸರು, ಬೇಯಿಸಿದ ಕಾಳು, ಕಡಲೆಕಾಯಿ ಬೆಣ್ಣೆ, ತೋಫು, ಮೊಟ್ಟೆ ಇವೆಲ್ಲ ಅದರಲ್ಲಿ ಸೇರುತ್ತವೆ. ಆದರೆ ತಣ್ಣನೆಯ ಊಟ ಕೊಡುವ ಕೇಂದ್ರಗಳಲ್ಲಿ ವಾರದ ಹೆಚ್ಚಿನ ದಿನ ಟರ್ಕಿ ಅಥವಾ ಹ್ಯಾಮ್ ಹಾಕಿದ ಸ್ಯಾಂಡ್‌ವಿಚ್ ಬರುವುದು ನಿಜ. ಆದ್ದರಿಂದ ಮೊದಲ ದಿನವೇ ವಾರದ ಮೆನು ಕೇಳಿ ಪಡೆಯಿರಿ, ಮಾಂಸವಿಲ್ಲದ ಊಟ ಬೇಕೆಂದು ಮೇಜಿನ ಉಸ್ತುವಾರಿಯವರಿಗೆ ಹೇಳಿ. ವೈದ್ಯರು ಬರೆದುಕೊಟ್ಟ ಅಲರ್ಜಿಯ ಪತ್ರವಿದ್ದರೆ ಬದಲಿ ಊಟ ಕೊಡುವುದು ಅವರ ಕರ್ತವ್ಯ. ಸಸ್ಯಾಹಾರದಂಥ ರೂಢಿಗೆ ಹಾಗೆ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ, ಕೊಡಲು ಅಡ್ಡಿಯೂ ಇಲ್ಲ. ನಾಲ್ಕೈದು ಕುಟುಂಬಗಳು ಒಂದೇ ಬೇಡಿಕೆ ಇಟ್ಟರೆ ಅಡುಗೆಮನೆಯವರು ಚೀಸ್ ಸ್ಯಾಂಡ್‌ವಿಚ್ಚಿನ ಡಬ್ಬಿಗಳನ್ನು ಬೇರೆಯಾಗಿ ಕಳಿಸುವುದನ್ನು ನಾನು ನೋಡಿದ್ದೇನೆ. ಪಿಜ್ಜಾ ಮೇಲಿನ ದುಂಡು ಚೂರುಗಳು ಪೆಪರೋನಿ ಎಂಬ ಮಾಂಸವೇ ಎಂದು ಮಕ್ಕಳಿಗೆ ಮೊದಲೇ ಗುರುತು ಹೇಳಿಕೊಡಿ; ಮಾರ್ಶ್‌ಮೆಲೊ ಸೇರಿದ ಸಿಹಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ ಎಂಬುದೂ ತಿಳಿದಿರಲಿ. ಅನೇಕ ಕಡೆ ಮಗು ಬೇಡವಾದ ಒಂದು ಪದಾರ್ಥವನ್ನು ನಿರಾಕರಿಸಬಹುದು. ತೆರೆಯದ ಹಾಲಿನ ಪೊಟ್ಟಣ, ಸುಲಿಯದ ಹಣ್ಣುಗಳನ್ನು ಇಡಲು ‘ಶೇರ್ ಟೇಬಲ್’ ಎಂಬ ಪುಟ್ಟ ಮೇಜು ಇರುತ್ತದೆ. ಒಂದು ಮಗು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳಬಹುದು.

ಊಟವನ್ನು ಅಲ್ಲಿಯೇ ಕೂತು ಮುಗಿಸಬೇಕೆಂಬುದು ನಗರದ ಕೇಂದ್ರಗಳ ನಿಯಮ. ಕಟ್ಟಿಕೊಂಡು ಮನೆಗೆ ತರುವ ಅವಕಾಶವಿರುವುದು, ಹೊಸ ಕಾನೂನು ಬಂದ ಮೇಲೆ, ಕೆಲವು ಗ್ರಾಮೀಣ ಪ್ರದೇಶಗಳಲ್ಲಿ ಮಾತ್ರ. ಕೇಂದ್ರದವರು ಒಪ್ಪಿದರೆ ಹಣ್ಣು, ತರಕಾರಿ ಅಥವಾ ಧಾನ್ಯದ ಒಂದು ಪದಾರ್ಥವನ್ನು ಮಗು ಕೈಯಲ್ಲಿ ಹಿಡಿದು ಹೊರಗೆ ಒಯ್ಯಬಹುದು. ದೊಡ್ಡವರಿಗೆ ಈ ಊಟವಿಲ್ಲ. ನಿಮ್ಮ ಅತ್ತೆಯವರು ಮೊಮ್ಮಗನ ಪಕ್ಕದಲ್ಲಿ ಕೂತು ತುತ್ತು ಕೊಡಬಹುದು, ಆದರೆ ನಮ್ಮ ಮನೆಗಳ ರೂಢಿಯಂತೆ ಮಗು ಬಿಟ್ಟದ್ದನ್ನು ‘ಅನ್ನ ಹಾಳಾಗಬಾರದು’ ಎಂದು ತಾವೇ ತಿಂದುಬಿಟ್ಟರೆ ತಪಾಸಣೆಗೆ ಬಂದವರು ಆ ಊಟವನ್ನು ಲೆಕ್ಕದಿಂದ ತೆಗೆದುಹಾಕಬಹುದು, ಕೇಂದ್ರದವರಿಗೆ ನಷ್ಟ. ಈ ಒಂದು ವಿಷಯವನ್ನು ಅವರಿಗೆ ಮನೆಯಲ್ಲಿಯೇ ನಯವಾಗಿ ಹೇಳಿಡುವುದು ಲೇಸು. ಮೇಜಿನ ಬಳಿ ಎಲ್ಲರೆದುರು ಹೇಳಿಸಿಕೊಂಡರೆ ಹಿರಿಯರಿಗೆ ನೋವಾಗುತ್ತದೆ.

ನಿಮ್ಮ ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು ಮೂರು ದಾರಿಗಳಿವೆ. ಕೃಷಿ ಇಲಾಖೆಯ ‘ಸೈಟ್ ಫೈಂಡರ್’ ನಕ್ಷೆಯಲ್ಲಿ ಪಿನ್ ಕೋಡ್ ಹಾಕಿದರೆ ಕೇಂದ್ರಗಳು, ವೇಳೆ, ದಿನಾಂಕ ಸಿಗುತ್ತವೆ. ಹಸಿವು ಸಹಾಯವಾಣಿಯ 1-866-348-6479 ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಇಲ್ಲವೇ ಸ್ಥಳೀಯ ನೆರವಿನ ಮಾಹಿತಿ ಕೊಡುವ 211ಕ್ಕೆ ಕರೆ ಮಾಡಬಹುದು. ನಕ್ಷೆಯನ್ನು ಮೇ ತಿಂಗಳಲ್ಲಿ ನೋಡಿ ‘ನಮ್ಮ ಕಡೆ ಏನೂ ಇಲ್ಲ’ ಎಂದು ಕೈಬಿಡಬೇಡಿ, ಜೂನ್ ಮೊದಲ ವಾರದವರೆಗೂ ಹೊಸ ಕೇಂದ್ರಗಳು ಸೇರುತ್ತಲೇ ಇರುತ್ತವೆ. ಕೊಲಂಬಸ್‌ನಲ್ಲಿ ನಗರದ ಉದ್ಯಾನ ಮತ್ತು ಮನರಂಜನೆ ಇಲಾಖೆ ಹಾಗೂ ಕೊಲಂಬಸ್ ಮೆಟ್ರೊಪಾಲಿಟನ್ ಲೈಬ್ರರಿಯ ಹಲವು ಶಾಖೆಗಳು ಈ ಕೆಲಸದಲ್ಲಿವೆ. ಬಹಳಷ್ಟು ಕೇಂದ್ರಗಳು ಶಾಲೆ ಮುಚ್ಚಿ ಒಂದು ವಾರದ ಮೇಲೆ ಆರಂಭವಾಗಿ ಆಗಸ್ಟ್ ಮೊದಲ ವಾರದಲ್ಲೇ ನಿಲ್ಲುತ್ತವೆ, ಶನಿವಾರ ಭಾನುವಾರ ಇರುವುದಿಲ್ಲ; ಬಡಿಸುವುದು ಸುಮಾರು ಒಂದು ತಾಸು ಮಾತ್ರ, ತಡವಾಗಿ ಹೋದರೆ ಮೇಜು ಮಡಚಿರುತ್ತಾರೆ.

ಕಾರಿಲ್ಲದ ನಿಮ್ಮಂಥವರಿಗೆ ನಾನು ಕೊಡುವ ಮುಖ್ಯ ಸಲಹೆ ಇದು: ದಿನಕ್ಕೊಂದು ಹೊಸ ಜಾಗ ಹುಡುಕಬೇಡಿ. ನಡೆದು ಅಥವಾ ಒಂದೇ ಬಸ್ಸಿನಲ್ಲಿ ತಲುಪುವಂಥ ಊಟವಿರುವ ಒಂದು ಗ್ರಂಥಾಲಯ ಶಾಖೆಯನ್ನು ಆಯ್ದುಕೊಂಡು, ವಾರದ ಮೂರು ದಿನ ಅದರ ಸುತ್ತಲೇ ಕಟ್ಟಿ. ಹತ್ತು ಗಂಟೆಗೆ ಚಿಕ್ಕವನಿಗೆ ಕಥೆಯ ಹೊತ್ತು, ಆಮೇಲೆ ಇಬ್ಬರಿಗೂ ಕರಕುಶಲವೋ ವಿಜ್ಞಾನದ ಆಟವೋ, ಹನ್ನೆರಡರ ಹೊತ್ತಿಗೆ ಊಟ, ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ತಂಪಾದ ಕೋಣೆಯಲ್ಲಿ ಓದು. ಒಂದು ಪೈಸೆ ಖರ್ಚಿಲ್ಲದೆ ಐದು ಗಂಟೆಯ ದಿನಚರಿ ಸಿದ್ಧವಾಯಿತು. ಅದೇ ಮುಖಗಳನ್ನು ಪದೇ ಪದೇ ನೋಡುವುದರಿಂದ ಮಕ್ಕಳಿಗೆ ಸ್ನೇಹಿತರಾಗುತ್ತಾರೆ, ನಿಮಗೂ ಮಾತಿಗೆ ಜನ ಸಿಗುತ್ತಾರೆ. ದುಬಾರಿ ಕ್ಯಾಂಪಿನಿಂದ ತಂದೆತಾಯಿ ಬಯಸುವ ಅರ್ಧದಷ್ಟು ಸಂಗತಿ ಇದೇ ಅಲ್ಲವೇ? ಗ್ರಂಥಾಲಯದ ಕಾರ್ಡು ಉಚಿತ, ಮತ್ತು ಕೊಲಂಬಸ್ ಮೆಟ್ರೊಪಾಲಿಟನ್ ಲೈಬ್ರರಿ 2017ರಿಂದ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿದೆ. ಬೇಸಿಗೆಯ ಓದಿನ ಸವಾಲಿಗೆ ಇಬ್ಬರ ಹೆಸರನ್ನೂ ಬರೆಸಿ. ಅದರಲ್ಲಿ ಕನ್ನಡ ಪುಸ್ತಕ ಓದಿದರೂ ಓದೇ, ಅಜ್ಜ ಓದಿ ಹೇಳಿದರೂ ಓದೇ ಎಂದು ಲೆಕ್ಕಕ್ಕೆ ಹಿಡಿಯುವ ಗ್ರಂಥಪಾಲಕರು ಬಹಳ ಮಂದಿ ಇದ್ದಾರೆ, ಕೇಳಿ ನೋಡಿ. ಮಗನಿಗೆ ಐದು ತುಂಬುವವರೆಗೆ ತಿಂಗಳಿಗೊಂದು ಪುಸ್ತಕ ಮನೆಗೇ ಅಂಚೆಯಲ್ಲಿ ಬರುವ ‘ಇಮ್ಯಾಜಿನೇಶನ್ ಲೈಬ್ರರಿ’ ಓಹಾಯೊದ ಎಲ್ಲ ಕೌಂಟಿಗಳಲ್ಲಿದೆ. ಇದಕ್ಕೂ ಆದಾಯ ಮಿತಿ ಇಲ್ಲ. ಇನ್ನು ಕೆಲವೇ ತಿಂಗಳು ಉಳಿದಿದ್ದರೂ ಈಗಲೇ ನೋಂದಾಯಿಸಿ.

ಉಳಿದ ಎರಡು ದಿನ ಮತ್ತು ವಾರಾಂತ್ಯಕ್ಕೆ ಹೊರಗಿನ ಜಾಗಗಳು. ಈ ವಿಷಯದಲ್ಲಿ ನೀವು ಅದೃಷ್ಟದ ಊರಿನಲ್ಲಿದ್ದೀರಿ. ಕೊಲಂಬಸ್ ಸುತ್ತಲಿನ 20ರಷ್ಟು ಮೆಟ್ರೊ ಪಾರ್ಕುಗಳಿಗೆ ಪ್ರವೇಶ ಶುಲ್ಕವಿಲ್ಲ. ಬ್ಲ್ಯಾಕ್‌ಲಿಕ್ ವುಡ್ಸ್‌ನಲ್ಲಿ ಮರಗಳ ನೆತ್ತಿಯ ಎತ್ತರದಲ್ಲಿ ನಡೆದಾಡುವ ಸೇತುವೆಯನ್ನು 2023ರಲ್ಲಿ ತೆರೆದರು. ಬ್ಯಾಟೆಲ್ ಡಾರ್ಬಿ ಕ್ರೀಕ್‌ನ ಹುಲ್ಲುಗಾವಲಿಗೆ 2011ರಲ್ಲಿ ಬೈಸನ್ ಎಂಬ ಕಾಡೆಮ್ಮೆಗಳನ್ನು ಮರಳಿ ತಂದರು, ನಾಲ್ಕು ವರ್ಷದ ಹುಡುಗನಿಗೆ ಹಣ ಕೊಟ್ಟು ನೋಡುವ ಮೃಗಾಲಯಕ್ಕಿಂತ ಇದು ಕಡಿಮೆಯದೇನಲ್ಲ. ಓಹಾಯೊದ ರಾಜ್ಯ ಉದ್ಯಾನಗಳಿಗೂ ಪ್ರವೇಶಕ್ಕಾಗಲಿ ವಾಹನ ನಿಲುಗಡೆಗಾಗಲಿ ಶುಲ್ಕವಿಲ್ಲ. ಅನೇಕ ರಾಜ್ಯಗಳಲ್ಲಿ ಹೀಗಿಲ್ಲ. ಹಾಕಿಂಗ್ ಹಿಲ್ಸ್ ಉದ್ಯಾನದ ಗುಹೆ, ಜಲಪಾತಗಳಿಗೆ ಶನಿವಾರ ಹೋಗುವುದಾದರೆ ಬೆಳಿಗ್ಗೆ ಬೇಗ ತಲುಪಿ, ಹತ್ತರ ಮೇಲೆ ಜನಜಂಗುಳಿ. ನಗರದ ಮಧ್ಯದಲ್ಲಿ ಮುಖ್ಯ ಗ್ರಂಥಾಲಯದ ಪಕ್ಕದಲ್ಲೇ ಟೋಪಿಯರಿ ಪಾರ್ಕ್ ಇದೆ. ಫ್ರೆಂಚ್ ಚಿತ್ರಕಾರ ಜಾರ್ಜ್ ಸೂರಾ ಅವರ ಪ್ರಸಿದ್ಧ ಚಿತ್ರವೊಂದರ ಮನುಷ್ಯರು, ನಾಯಿ, ದೋಣಿಗಳನ್ನೆಲ್ಲ ಹಸಿರು ಪೊದೆಗಳನ್ನೇ ಕತ್ತರಿಸಿ ನಿಲ್ಲಿಸಿದ್ದಾರೆ. ಗ್ರಂಥಾಲಯದಿಂದ ಚಿತ್ರದ ಪುಸ್ತಕ ತಂದು ಅಲ್ಲಿ ಕೂತು ಹೋಲಿಸಿ ನೋಡುವುದು ನಿಮ್ಮ ಮಗಳ ವಯಸ್ಸಿಗೆ ಹೇಳಿಮಾಡಿಸಿದ ಆಟ. ರಾಜ್ಯ ಶಾಸನಸಭೆಯ ಕಟ್ಟಡವನ್ನು ಉಚಿತವಾಗಿ ತೋರಿಸುತ್ತಾರೆ, ಮಾವನವರಿಗೆ ಹಿಡಿಸಬಹುದು. ಕೊಲಂಬಸ್ ಕಲಾ ಸಂಗ್ರಹಾಲಯಕ್ಕೆ ಭಾನುವಾರ ಸಾಮಾನ್ಯ ಪ್ರವೇಶ ಉಚಿತ. ಷಿಲ್ಲರ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಬೇಸಿಗೆಯ ಸಂಜೆಗಳಲ್ಲಿ ನಾಟಕವಿರುತ್ತದೆ, ಟಿಕೆಟಿನ ಬದಲು ಕೈಲಾದಷ್ಟು ಕೊಟ್ಟರೆ ಸಾಕು. ಹೊದಿಕೆ, ಬುತ್ತಿ ತೆಗೆದುಕೊಂಡು ಹೋಗಿ.

ನಿಮ್ಮ ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ ಎಂದಿರಿ. ಇದು ಬರೆಯುವಾಗ ನಿಮಗೆ ಮುಖ್ಯವೆನಿಸಿರಲಿಕ್ಕಿಲ್ಲ, ಆದರೆ ನನ್ನ ಕಣ್ಣು ಮೊದಲು ಅಲ್ಲಿಯೇ ನಿಂತಿತು. ‘ಎವೆರಿ ಕಿಡ್ ಔಟ್‌ಡೋರ್ಸ್’ ಎಂಬ ಯೋಜನೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಉಚಿತ ಪಾಸು ಸಿಗುತ್ತದೆ. ಜಾಲತಾಣದಲ್ಲಿ ಒಂದು ಸಣ್ಣ ಚಟುವಟಿಕೆಯನ್ನು ಮಗುವೇ ಮುಗಿಸಿದರೆ ಸಾಕು. ವಾಹನಕ್ಕೆ ಶುಲ್ಕ ತೆಗೆದುಕೊಳ್ಳುವ ಕಡೆ ಇಡೀ ಕಾರಿಗೆ, ತಲೆಗಿಷ್ಟು ಎಂದು ತೆಗೆದುಕೊಳ್ಳುವ ಕಡೆ ಮಕ್ಕಳ ಜೊತೆ ಮೂವರು ದೊಡ್ಡವರಿಗೆ ಅದು ಅನ್ವಯಿಸುತ್ತದೆ. ಪಾಸಿನ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಶಾಲೆ ಮುಗಿದ ಮೇಲಿನ ಈ ಬೇಸಿಗೆಯೇ ಅವಳಿಗೆ ಕೊನೆಯ ಅವಕಾಶ. ಮಗನ ಸರದಿ ಬರಲು ಇನ್ನೂ ಹಲವು ವರ್ಷ ಬೇಕು. ಆದರೂ ಪಾಸು ಇದೆ ಎಂದು ದೂರದ ಪ್ರವಾಸಕ್ಕೆ ಸಾಲ ಮಾಡಬೇಕಾಗಿಲ್ಲ. 400ಕ್ಕೂ ಹೆಚ್ಚಿರುವ ರಾಷ್ಟ್ರೀಯ ತಾಣಗಳಲ್ಲಿ ಬಹುಪಾಲಿಗೆ ಶುಲ್ಕವೇ ಇಲ್ಲ. ಕ್ಲೀವ್‌ಲ್ಯಾಂಡ್ ಹತ್ತಿರದ ಕಯಹೋಗ ವ್ಯಾಲಿ ಉದ್ಯಾನ ಅಂಥದ್ದು. ನಿಮ್ಮಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಚಿಲಿಕಾಥಿಯ ಹೋಪ್‌ವೆಲ್ ಕಲ್ಚರ್ ಉದ್ಯಾನವೂ ಅಂಥದ್ದೇ. ಇಲ್ಲಿನ ಮೂಲನಿವಾಸಿಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಟ್ಟಿದ ಮಣ್ಣಿನ ದಿಬ್ಬಗಳು ಅಲ್ಲಿವೆ. 2023ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ‘ಜೂನಿಯರ್ ರೇಂಜರ್’ ಕಿರುಪುಸ್ತಿಕೆ ಕೇಳಿ ಪಡೆಯಿರಿ. ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸಿದ ಮಗುವಿಗೆ ರೇಂಜರ್ ಪ್ರಮಾಣವಚನ ಬೋಧಿಸಿ ಬಿಲ್ಲೆ ಕೊಡುತ್ತಾರೆ. ಆ ಬಿಲ್ಲೆಗಾಗಿ ಮಕ್ಕಳು ಸುಡುಬಿಸಿಲಲ್ಲೂ ಫಲಕ ಫಲಕ ಓದುತ್ತಾ ಓಡಾಡುವುದನ್ನು ನೋಡಬೇಕು.

ಅತ್ತೆ ಮಾವನವರನ್ನು ದೊಡ್ಡ ಉದ್ಯಾನಗಳಿಗೆ ಕರೆದೊಯ್ಯುವ ಯೋಚನೆ ಇದ್ದರೆ ಒಂದು ಬದಲಾವಣೆ ನೆನಪಿನಲ್ಲಿರಲಿ. 2026ರ ಜನವರಿಯಿಂದ ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿ ಮೊದಲಾದ 11 ಉದ್ಯಾನಗಳಲ್ಲಿ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಅದನ್ನು ತಪ್ಪಿಸುವ ವಾರ್ಷಿಕ ಪಾಸು ನಿವಾಸಿಗಳಿಗೆ 80 ಡಾಲರ್, ಉಳಿದವರಿಗೆ 250 ಡಾಲರ್. ಪ್ರವಾಸಿ ವೀಸಾದ ಮೇಲೆ ಬರುವ ಹಿರಿಯರು ಈ ಲೆಕ್ಕಕ್ಕೆ ಬೀಳುತ್ತಾರೆ. ಮೇಲೆ ಹೇಳಿದ ಓಹಾಯೊದ ಎರಡು ತಾಣಗಳು ಆ ಹನ್ನೊಂದರಲ್ಲಿ ಇಲ್ಲ.

ಖಾಸಗಿ ಸಂಸ್ಥೆಗಳ ಉಚಿತ ಕೊಡುಗೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕಿಡ್ಸ್ ಬೋಲ್ ಫ್ರೀ’ಯಲ್ಲಿ ದಿನಕ್ಕೆ ಎರಡು ಆಟ ಉಚಿತ, ಬೂಟಿನ ಬಾಡಿಗೆ ನಿಮ್ಮದು, ಹೋಮ್ ಡಿಪೊದಲ್ಲಿ ತಿಂಗಳ ಮೊದಲ ಶನಿವಾರ ಮಕ್ಕಳಿಗೆ ಮರದ ಆಟಿಕೆ ಜೋಡಿಸಲು ಕಲಿಸುತ್ತಾರೆ. ಹೋಗಬಹುದು. ಆದರೆ ಅಂಗಡಿಯ ಒಳಗಿನಿಂದ ಮಕ್ಕಳನ್ನು ಬರಿಗೈಯಲ್ಲಿ ಹೊರಗೆ ತರುವುದು ಎಲ್ಲರಿಗೂ ಸಾಧಿಸುವ ಕಲೆಯಲ್ಲ.

ಕ್ಯಾಂಪ್ ಬೇಕೇ ಬೇಕೆಂದು ಮಗಳು ಹಟ ಹಿಡಿದರೆ ಇಡೀ ಬೇಸಿಗೆಗಲ್ಲ, ಒಂದು ವಾರಕ್ಕೆ ಮಾತ್ರ ಸೇರಿಸಿ. ನನ್ನ ಅನುಭವದಲ್ಲಿ ಮಕ್ಕಳು ನೆನಪಿಟ್ಟುಕೊಳ್ಳುವುದೂ ಒಂದು ವಾರವನ್ನೇ. ನಗರದ ಮನರಂಜನೆ ಇಲಾಖೆಯ ಹಗಲು ಶಿಬಿರಗಳು ಖಾಸಗಿಯವಕ್ಕಿಂತ ಅಗ್ಗ, ಆದರೆ ವಸಂತದಲ್ಲೇ ಭರ್ತಿಯಾಗುತ್ತವೆ. ನೀವು ನಗರದ ಅಂಚಿನಲ್ಲಿರುವುದರಿಂದ ನಿಮ್ಮ ವಿಳಾಸ ಕೊಲಂಬಸ್ ನಗರಕ್ಕೆ ಸೇರಿದ್ದೋ ಪಕ್ಕದ ಪಟ್ಟಣಕ್ಕೆ ಸೇರಿದ್ದೋ ಎಂದು ಮೊದಲು ಖಚಿತ ಮಾಡಿಕೊಳ್ಳಿ, ಏಕೆಂದರೆ ನಿವಾಸಿಗಳಿಗೂ ಹೊರಗಿನವರಿಗೂ ದರ ಬೇರೆ. ವೈಎಂಸಿಎ ಶಿಬಿರಗಳಲ್ಲಿ ಆದಾಯಕ್ಕೆ ತಕ್ಕ ರಿಯಾಯಿತಿ ಇರುತ್ತದೆ. ‘ಕ್ಯಾಂಪಿನ ಖರ್ಚಿಗೆ ತೆರಿಗೆ ವಿನಾಯಿತಿ ಸಿಗುತ್ತದೆ’ ಎಂದು ಯಜಮಾನರ ಸಹೋದ್ಯೋಗಿಗಳು ಹೇಳಿರಬಹುದು. ಹಗಲು ಶಿಬಿರಕ್ಕೆ, 13 ವರ್ಷದೊಳಗಿನ ಮಗುವಿಗೆ ಅದು ನಿಜ. ಆದರೆ ತಂದೆ ತಾಯಿ ಇಬ್ಬರೂ ಕೆಲಸದಲ್ಲಿರಬೇಕು, ಕೆಲಸ ಹುಡುಕುತ್ತಿರಬೇಕು ಅಥವಾ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು ಎಂಬುದು ಅದರ ಷರತ್ತು. ಕೆಲಸದ ಅನುಮತಿಯಿಲ್ಲದ ಎಚ್-4 ತಾಯಿ ಮನೆಯಲ್ಲಿರುವಾಗ ಇದು ಸಿಗುವುದಿಲ್ಲ. ಆ ಹಣ ಬರುತ್ತದೆಂಬ ಭರವಸೆಯಲ್ಲಿ ಮುಂಗಡ ಕಟ್ಟಿದವರನ್ನು ನೋಡಿದ್ದೇನೆ, ಅದಕ್ಕಾಗಿ ಹೇಳಿದೆ.

ಕೊನೆಯದಾಗಿ ಬುತ್ತಿಯ ವಿಷಯ, ಏಕೆಂದರೆ ವಾರಾಂತ್ಯಕ್ಕೂ, ಕೇಂದ್ರದಲ್ಲಿ ಬರೀ ಹ್ಯಾಮ್ ಇರುವ ದಿನಕ್ಕೂ, ಹಿರಿಯರಿಗೂ ಊಟ ಮನೆಯಿಂದಲೇ ಹೋಗಬೇಕು. ಪಾರ್ಕಿನ ಹೊರಗಿನ ಅಂಗಡಿಯಲ್ಲಿ ಆರು ಜನ ಒಮ್ಮೆ ತಿಂದರೆ ಆಗುವ ಖರ್ಚಿನಲ್ಲಿ ವಾರದ ಬುತ್ತಿ ಕಟ್ಟಬಹುದು. ಚಿತ್ರಾನ್ನ, ಪುಳಿಯೋಗರೆ, ಪಲ್ಯ ಸುತ್ತಿದ ಚಪಾತಿ, ಒಗ್ಗರಣೆ ಅವಲಕ್ಕಿ ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳಬೇಕಾದ್ದು ಬಿಸಿಲಿನ ಬಗ್ಗೆ. ಊರಿನಲ್ಲಿ ಕಟ್ಟಿದ ಮೊಸರನ್ನ ಸಂಜೆವರೆಗೆ ಕೆಡುತ್ತಿರಲಿಲ್ಲ ಎಂದು ಅತ್ತೆಯವರು ಹೇಳುತ್ತಾರೆ, ಆದರೆ ಕಾರಿನ ಡಿಕ್ಕಿಯೊಳಗಿನ ಕಾವು ಬೇರೆಯೇ. ಬೇಯಿಸಿದ ಅನ್ನವನ್ನೂ ಹಾಲಿನ ಪದಾರ್ಥವನ್ನೂ ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಹಿಂದಿನ ರಾತ್ರಿ ಮೂರು ನಾಲ್ಕು ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದ ಮೊಸರನ್ನದ ಡಬ್ಬಿಯ ಸುತ್ತ ಅವನ್ನು ದಪ್ಪ ಚೀಲದಲ್ಲಿ ಜೋಡಿಸಿ. ಮಧ್ಯಾಹ್ನಕ್ಕೆ ಅನ್ನ ತಣ್ಣಗಿರುತ್ತದೆ, ಬಾಟಲಿಗಳು ಕರಗಿ ಕುಡಿಯಲು ನೀರೂ ಆಗುತ್ತದೆ. ನಿಂಬೆಹಣ್ಣು, ಬೆಲ್ಲ, ಏಲಕ್ಕಿಯ ಪುಡಿ ಬೇರೆಯಾಗಿ ಕಟ್ಟಿಕೊಂಡರೆ ಆ ತಣ್ಣೀರಿನಲ್ಲೇ ಪಾನಕ ಬೆರೆಸಬಹುದು.

ನಾಳೆ ಲೈಬ್ರರಿಗೆ ಹೋದಾಗ ಮಕ್ಕಳ ವಿಭಾಗದ ಮೇಜಿನಲ್ಲಿ ಎರಡು ಪ್ರಶ್ನೆ ಕೇಳಿ: ಊಟ ಯಾವ ದಿನಾಂಕದಿಂದ, ಮಾಂಸವಿಲ್ಲದ ಊಟಕ್ಕೆ ಯಾರಿಗೆ ಹೇಳಬೇಕು. ಹೆಸರು ಹೇಳುವ ಅಗತ್ಯವೂ ಇಲ್ಲ.